ಮೆಟ್ಟಿಲು ಹತ್ತುವಾಗ ಜೀವ ಬಾಯಿಗೆ ಬಂತು, ಆದರೆ ಆಕ್ಸಿಜನ್ 97! ಇದು ಹೇಗೆ?

ಮೆಟ್ಟಿಲುಮಂಜ · ಭಾನುವಾರ ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ವಯಸ್ಸು 43, ಕುರ್ಚಿ ಕೆಲಸ, ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂದಿದೆ. ಇವತ್ತು ಬೆಳಿಗ್ಗೆ ಎಂಟನೇ ಕ್ಲಾಸಿನ ಮಗಳ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೋಗಿದ್ದೆ. ಐದು ವರ್ಷದ ಮೇಲೆ ಹತ್ತಿದ್ದು. ಇನ್ನೂರು ಮೆಟ್ಟಿಲು ದಾಟುವಷ್ಟರಲ್ಲಿ ಕುಲುಮೆಯ ತಿದಿ ಒತ್ತಿದ ಹಾಗೆ ಏದುಸಿರು. ಮಗಳು ಏನೇನೋ ಕೇಳುತ್ತಿದ್ದಾಳೆ, ನನ್ನ ಬಾಯಿಂದ 'ಹೂಂ' ಬಿಟ್ಟು ಬೇರೆ ಮಾತು ಹೊರಡುತ್ತಿಲ್ಲ.

ಕೋವಿಡ್ ಕಾಲದಲ್ಲಿ ತಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಮಗಳು ತಮಾಷೆಗೆ ತಂದಿದ್ದಳು. ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ ನನ್ನ ಬೆರಳಿಗೆ ಹಾಕಿದಳು. ಬಡಿತ 171. ಆಕ್ಸಿಜನ್ 97! ಮನೆಯಲ್ಲಿ ಟಿವಿ ನೋಡುವಾಗಲೂ ಅಷ್ಟೇ ಇರುತ್ತದೆ. "ಅಪ್ಪಾ, ಮೆಷಿನ್ ಪಾಸ್ ಅಂತಿದೆ, ನೀವು ಫೇಲ್ ಆದ ಹಾಗೆ ಮಾಡ್ತಿದ್ದೀರಿ" ಅಂದಳು.

ನನ್ನ ಪ್ರಶ್ನೆ ಇಷ್ಟೇ. ಆಕ್ಸಿಜನ್ ಕಡಿಮೆಯೇ ಆಗಿಲ್ಲ ಅಂದ ಮೇಲೆ ಇಷ್ಟು ಏದುಸಿರು ಯಾಕೆ?

ಬ್ಯಾಟರಿಬಸಣ್ಣ · 10:20

ಸೆಲ್ ಬದಲಾಯಿಸಿ ನೋಡಿ ಸರ್. 2021ರದ್ದು ಅಂದರೆ ಮೆಷಿನ್ ಹೋಗಿರುತ್ತದೆ.

ಸೂರ್ಯನಮಸ್ಕಾರ108 · 10:41

ಮೆಷಿನ್ ಸರಿಯೋ ತಪ್ಪೋ, ಸಮಸ್ಯೆ ಬೇರೆ ಇದೆ. ನಾವೆಲ್ಲ ಉಸಿರನ್ನು ಎದೆಯ ಮೇಲಿನ ಭಾಗದಲ್ಲೇ ಆಡುತ್ತೇವೆ. ಹೊಟ್ಟೆಯ ತನಕ ಎಳೆಯುವುದೇ ಇಲ್ಲ. ದೇಹಕ್ಕೆ ಆಕ್ಸಿಜನ್ ಸಾಲುವುದಿಲ್ಲ, ಅದಕ್ಕೇ ಏದುಸಿರು. ದಿನಾ 15 ನಿಮಿಷ ದೀರ್ಘ ಉಸಿರಾಟ ಮಾಡಿ, ಮೂರು ವಾರದಲ್ಲಿ ಬೆಟ್ಟ ಓಡಿ ಹತ್ತುತ್ತೀರಿ.

ಬಯಾಲಜಿಟೀಚರ್ · 11:25

ಮಂಜು ಅವರೇ, ನಿಮ್ಮ ಮೆಷಿನ್ ಚೆನ್ನಾಗಿಯೇ ಇದೆ. ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ. ಪಿಯುಸಿ ಮಕ್ಕಳಿಗೆ ಪಾಠ ಮಾಡುವವಳು ನಾನು. ಈ ಪ್ರಶ್ನೆ ವರ್ಷಕ್ಕೊಬ್ಬರೂ ಕೇಳುವುದಿಲ್ಲ.

ನಮಗೆ ಉಸಿರು ಬೇಕು ಅನ್ನಿಸುವುದು ಮುಖ್ಯವಾಗಿ ಆಕ್ಸಿಜನ್ ಕಡಿಮೆಯಾಗಿದ್ದಕ್ಕಲ್ಲ, ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗುತ್ತಿರುವುದಕ್ಕೆ. ಮಿದುಳಿನ ಬುಡದಲ್ಲಿ ಉಸಿರಾಟ ನಡೆಸುವ ಒಂದು ಕೇಂದ್ರ ಇದೆ. ಅದು ಕಾಯುತ್ತಾ ಕೂತಿರುವುದು ಈ ಹೊಗೆಯ ಲೆಕ್ಕವನ್ನು. ಒಲೆಯಲ್ಲಿ ಸೌದೆ ಜಾಸ್ತಿ ಉರಿದರೆ ಹೊಗೆ ಜಾಸ್ತಿ, ಆಗ ಕಿಟಕಿ ತೆರೆಯುತ್ತೇವಲ್ಲ, ಹಾಗೆ. ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಅನ್ನುವವರು 1905ರಲ್ಲೇ ಇದನ್ನು ತೋರಿಸಿದ್ದಾರೆ.

ಲೆಕ್ಕ ನೋಡಿ. ಸುಮ್ನೆ ಕೂತಾಗ ನಿಮಿಷಕ್ಕೆ 12ರಿಂದ 15 ಸಲ ಉಸಿರು, ಒಂದೊಂದಕ್ಕೂ ಅರ್ಧ ಲೀಟರ್ ಗಾಳಿ. ಒಟ್ಟು 6–7 ಲೀಟರ್. ಮೆಟ್ಟಿಲು ಹತ್ತುವಾಗ 35–40 ಸಲ, ಒಂದೊಂದಕ್ಕೂ ಸುಮಾರು 2 ಲೀಟರ್. ಅಂದರೆ 70–80 ಲೀಟರ್. ಹತ್ತು ಪಟ್ಟು ಗಾಳಿ ಓಡಾಡುತ್ತಿದೆ. ನಿಮ್ಮ ರಕ್ತದಲ್ಲಿ ಆಕ್ಸಿಜನ್ 97 ಇದ್ದದ್ದು ಏದುಸಿರು ಇದ್ದರೂ ಅಲ್ಲ, ಏದುಸಿರು ಇದ್ದದ್ದರಿಂದಲೇ.

ಮೆಟ್ಟಿಲುಮಂಜ · 11:38

ಆಹಾ! ಕೊನೆಯ ಸಾಲು ಓದಿ ಮಗಳು ಚಪ್ಪಾಳೆ ತಟ್ಟಿದಳು. ಆದರೆ ಟೀಚರ್, ಹಾಗಾದರೆ ಕಾಲಿಗೂ ಆಕ್ಸಿಜನ್ ಸಾಕಾಗಿತ್ತಾ? ಕಾಲಂತೂ ಬೆಂಕಿ ಇಟ್ಟ ಹಾಗೆ ಉರಿಯುತ್ತಿತ್ತು.

ಪಿಟಿಮೇಷ್ಟ್ರು · 11:52

ಅದು ಲ್ಯಾಕ್ಟಿಕ್ ಆಸಿಡ್. ಆಕ್ಸಿಜನ್ ಸಾಲದೆ ಹೋದಾಗ ಮಾಂಸಖಂಡದಲ್ಲಿ ಆಸಿಡ್ ತುಂಬಿಕೊಳ್ಳುತ್ತದೆ. ನಾಳೆ ನಾಡಿದ್ದು ತೊಡೆ, ಮೀನಖಂಡ ಹಿಡಿದುಕೊಳ್ಳುವುದೂ ಅದರಿಂದಲೇ. ಬಿಸಿನೀರು ಹಾಕಿ ತಿಕ್ಕಿ, ಆಸಿಡ್ ಇಳಿಯುತ್ತದೆ. ನಾನು 31 ವರ್ಷ ಸರ್ಕಾರಿ ಶಾಲೆಯಲ್ಲಿ ಮಕ್ಕಳನ್ನು ಓಡಿಸಿದವನು.

ಎರಡನೇ ಮಾತು. ಬೆಟ್ಟ ಹತ್ತುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಹಾಡಲು ಬಂದರೆ ನಿಧಾನ ಆಯಿತು, ಜೋರು ಮಾಡಿ. ಎರಡು ಪದಕ್ಕೆ ನಿಲ್ಲಬೇಕಾಯಿತು ಅಂದರೆ ಜಾಸ್ತಿ ಆಯಿತು, ಕಡಿಮೆ ಮಾಡಿ. ಇದಕ್ಕೆ ಮೆಷಿನ್ ಬೇಡ.

ಒಂಟಿಕೊಪ್ಪಲುಹುಡುಗ · 12:03

ಇನ್ನೂರು ಮೆಟ್ಟಿಲಿಗೇ ಹೀಗಾದರೆ 1008 ಮೆಟ್ಟಿಲು ಹೇಗೆ ಹತ್ತಿದಿರಿ ಅಣ್ಣಾ?

ದಿನಾಬೆಟ್ಟ · 12:06

1008 ಅಲ್ಲ ಗುರು. ನಾನು ಎಣಿಸಿದ್ದೇನೆ. ಸಾವಿರದ ನೂರು ಚಿಲ್ಲರೆ.

ಒಂಟಿಕೊಪ್ಪಲುಹುಡುಗ · 12:07

ಚಪ್ಪಡಿ ಹಾಸಿದ ಜಾಗವನ್ನೂ ಮೆಟ್ಟಿಲು ಅಂತ ಎಣಿಸಿದ್ದೀರಿ.

ದಿನಾಬೆಟ್ಟ · 12:09

ನಂದಿಯ ತನಕ ಎಷ್ಟು ಹೇಳಿ ನೋಡೋಣ ಮೊದಲು.

ಬಯಾಲಜಿಟೀಚರ್ · 12:30

ಮೆಟ್ಟಿಲಿನ ಪಂಚಾಯ್ತಿ ಆಮೇಲೆ ಮಾಡಿ. ಮೇಷ್ಟ್ರೇ, ಮಾತಾಡುವ ಪರೀಕ್ಷೆಗೆ ನೂರಕ್ಕೆ ನೂರು. ಆದರೆ ಆಸಿಡ್ ವಿಷಯದಲ್ಲಿ ಬೇಜಾರು ಮಾಡಿಕೊಳ್ಳಬೇಡಿ, ಅದು ಹಳೆಯ ಮಾತು.

ಜೋರಾಗಿ ಹತ್ತುವಾಗ ಲ್ಯಾಕ್ಟೇಟ್ (ನೀವು ಲ್ಯಾಕ್ಟಿಕ್ ಆಸಿಡ್ ಅಂದಿದ್ದು ಇದನ್ನೇ) ಏರುವುದು ನಿಜ. ಆದರೆ ನಿಂತು ಒಂದು ಗಂಟೆಯಾಗುವಷ್ಟರಲ್ಲಿ ಅದು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಅದು ಕಸವೂ ಅಲ್ಲ, ಹೃದಯ ಅದನ್ನೇ ಸೌದೆಯಾಗಿ ಉರಿಸುತ್ತದೆ. ಒಂದು ಗಂಟೆಯಲ್ಲಿ ಹೋದ ವಸ್ತು ನಾಡಿದ್ದು ಹೇಗೆ ನೋಯಿಸುತ್ತದೆ?

ನಾಡಿದ್ದಿನ ನೋವು ಬೇರೆಯೇ. ಅದು ಹತ್ತಿದ್ದರಿಂದ ಬರುವುದಕ್ಕಿಂತ ಇಳಿದಿದ್ದರಿಂದ ಬರುವುದೇ ಜಾಸ್ತಿ. ಇಳಿಯುವಾಗ ತೊಡೆಯ ಖಂಡ ಬ್ರೇಕ್ ಹಾಕುತ್ತಾ ಹಾಕುತ್ತಾ ಉದ್ದ ಆಗುತ್ತದೆ. ಆಗ ಅದರ ಎಳೆಗಳಲ್ಲಿ ಸಣ್ಣಸಣ್ಣ ಗಾಯಗಳಾಗುತ್ತವೆ. 24 ಗಂಟೆಯ ಮೇಲೆ ಶುರುವಾಗಿ ಎರಡು ಮೂರು ದಿನ ಕಾಡಿ ಹೋಗುತ್ತದೆ. ಮಂಜು ಅವರೇ, ಹತ್ತಿ ಬಸ್ಸಿನಲ್ಲಿ ಇಳಿದಿರಾ, ಮೆಟ್ಟಿಲಲ್ಲೇ ಇಳಿದಿರಾ?

ಮೆಟ್ಟಿಲುಮಂಜ · 12:34

ಮೆಟ್ಟಿಲಲ್ಲೇ. ಮಗಳ ಮುಂದೆ ಮರ್ಯಾದೆ ಪ್ರಶ್ನೆ.

ಬಯಾಲಜಿಟೀಚರ್ · 12:35

ಮಂಗಳವಾರ ಆಫೀಸಿನಲ್ಲಿ ಕುರ್ಚಿಯಿಂದ ಏಳುವಾಗ ನನ್ನ ನೆನಪಾಗುತ್ತದೆ.

ಪಿಟಿಮೇಷ್ಟ್ರು · 1:15

ಟೀಚರಮ್ಮ, 31 ವರ್ಷ ಇದನ್ನೇ ಹೇಳಿಕೊಟ್ಟೆ. ಟ್ರೈನಿಂಗ್ ಕಾಲೇಜಿನಲ್ಲಿ ನಮಗೂ ಇದನ್ನೇ ಹೇಳಿಕೊಟ್ಟಿದ್ದರು. ಈಗ ತಪ್ಪು ಅಂದರೆ ಹೇಗೆ? ಬಿಸಿನೀರು ಹಾಕಿದರೆ ಹಾಯೆನಿಸುವುದು ಸುಳ್ಳಾ?

ಬಯಾಲಜಿಟೀಚರ್ · 1:22

ಹಾಯೆನಿಸುವುದು ಸುಳ್ಳಲ್ಲ ಮೇಷ್ಟ್ರೇ. ಕಾರಣ ಮಾತ್ರ ಆಸಿಡ್ ಅಲ್ಲ.

ರಕ್ತಪರೀಕ್ಷೆ · 1:50

ಟೀಚರ್, ನೀವು ಮೇಷ್ಟ್ರನ್ನು ತಿದ್ದಿದಿರಿ, ನಾನು ನಿಮ್ಮನ್ನು ಒಂಚೂರು ತಿದ್ದುತ್ತೇನೆ. ವ್ಯಾಯಾಮದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದ್ದಕ್ಕೆ ಉಸಿರು ಏರುತ್ತದೆ ಅನ್ನುವುದು ಅರ್ಧ ಕಥೆ. ಹದವಾಗಿ ನಡೆಯುವವನ ಶುದ್ಧ ರಕ್ತ ತೆಗೆದು ಅಳೆದರೆ ಅದರ ಮಟ್ಟ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ತುಂಬಾ ಜೋರಾಗಿ ಓಡಿದರಂತೂ ಮೊದಲಿಗಿಂತ ಕೆಳಗೇ ಇಳಿಯುತ್ತದೆ. ಏರಿಯೇ ಇಲ್ಲದ್ದು ಸೂಚನೆ ಕೊಡುವುದು ಹೇಗೆ?

ಇನ್ನೊಂದು ಗಮನಿಸಿ. ಮೊದಲ ಹೆಜ್ಜೆ ಇಟ್ಟ ಕೂಡಲೇ ಉಸಿರು ಏರಿಬಿಡುತ್ತದೆ. ಕಾಲಿನ ರಕ್ತ ಎದೆಗೆ ಬಂದು ಮುಟ್ಟುವುದಕ್ಕೂ ಮುಂಚೆ! ಕಾರಣ ಏನೆಂದರೆ, ಕಾಲಿಗೆ 'ನಡಿ' ಅಂತ ಆಜ್ಞೆ ಹೊರಡಿಸುವಾಗಲೇ ಮಿದುಳು ಉಸಿರಾಟದ ಕೇಂದ್ರಕ್ಕೂ ಒಂದು ಪ್ರತಿ ಕಳಿಸುತ್ತದೆ. ಕೀಲು, ಮಾಂಸಖಂಡಗಳಿಂದಲೂ ಸುದ್ದಿ ಹೋಗುತ್ತದೆ. ನೆಂಟರು ಬರುವ ಮೊದಲೇ ಎಲೆ ಹಾಕಿದ ಹಾಗೆ. ಆಮೇಲೆ ಎಷ್ಟು ಬಡಿಸಬೇಕು ಅನ್ನುವ ಸೂಕ್ಷ್ಮ ಲೆಕ್ಕ ಕಾರ್ಬನ್ ಡೈಆಕ್ಸೈಡಿನದು.

ಬಯಾಲಜಿಟೀಚರ್ · 2:10

ಒಪ್ಪಿದೆ. ಒಂದೇ ಉಸಿರಿಗೆ ಎಲ್ಲ ಹೇಳಬಾರದು ಅಂತ ಬಿಟ್ಟಿದ್ದೆ. (ನಿಜ ಹೇಳಬೇಕೆಂದರೆ ಆ 'ಕೆಳಗೇ ಇಳಿಯುತ್ತದೆ' ಅನ್ನುವುದು ನನಗೆ ಆ ಕ್ಷಣ ಮರೆತೇ ಹೋಗಿತ್ತು.) ಅದು ಯಾಕೆ ಇಳಿಯುತ್ತದೆ ಅಂತ ಸೇರಿಸಿಬಿಡುತ್ತೇನೆ. ಒಂದು ಹಂತದ ಮೇಲೆ ರಕ್ತದಲ್ಲಿ ಆಮ್ಲ ಏರುತ್ತದೆ. ಅದನ್ನು ಸರಿತೂಗಿಸಲು ರಕ್ತದ ಬೈಕಾರ್ಬನೇಟ್ ಮುಂದೆ ಬರುತ್ತದೆ. ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿದರೆ ಬುಸ್ ಅನ್ನುತ್ತದಲ್ಲ, ಅದೇ ಲೆಕ್ಕ. ಹಾಗೆ ಹೊರಬರುವ ಕಾರ್ಬನ್ ಡೈಆಕ್ಸೈಡನ್ನೂ, ಆ ಹುಳಿಯನ್ನೂ ಕಡಿಮೆ ಮಾಡಲು ಉಸಿರು ಒಮ್ಮೆಲೇ ನೆಗೆಯುತ್ತದೆ. ಮೇಷ್ಟ್ರು ಹೇಳಿದ 'ಎರಡು ಪದಕ್ಕೆ ನಿಲ್ಲುವ' ಜಾಗ ಇದೇ.

ಧಾರವಾಡಪೇಡೆ · 3:05

ಇಷ್ಟೆಲ್ಲ ಸೂಕ್ಷ್ಮ ಇದೆ ಅಂತ ಗೊತ್ತಿದ್ದರೆ ನಾನು ಉಸಿರಾಡೋದನ್ನೇ ಬಿಟ್ಟುಬಿಡುತ್ತಿದ್ದೆ ರೀ.

ಸೂರ್ಯನಮಸ್ಕಾರ108 · 3:30

ಎಲ್ಲರೂ ನನ್ನ ಮಾತು ಬಿಟ್ಟು ಮುಂದೆ ಹೋದಿರಿ. ದೀರ್ಘ ಉಸಿರಾಟದಿಂದ ಪ್ರಯೋಜನ ಇಲ್ಲವೇ? ನನ್ನ ಅನುಭವ ಸುಳ್ಳೇ? ಮೂಗಿನಲ್ಲೇ ಉಸಿರಾಡಿ ಬೆಟ್ಟ ಹತ್ತಬೇಕು ಅಂತ ನಮ್ಮ ಗುರುಗಳು ಹೇಳುತ್ತಾರೆ.

ಬಯಾಲಜಿಟೀಚರ್ · 3:48

ಪ್ರಯೋಜನ ಇಲ್ಲ ಅಂದವರು ಯಾರು ಸರ್? ನಿಧಾನ ಉಸಿರಾಟದಿಂದ ಮನಸ್ಸು ತಣ್ಣಗಾಗುತ್ತದೆ, ಬಡಿತ ಇಳಿಯುತ್ತದೆ. ನಾನೂ ಪರೀಕ್ಷೆ ಪೇಪರ್ ತಿದ್ದುವ ಮುಂಚೆ ಮಾಡುತ್ತೇನೆ. ಆದರೆ 'ಜಾಸ್ತಿ ಆಕ್ಸಿಜನ್ ಸಿಗುತ್ತದೆ' ಅನ್ನುವುದು ಲೆಕ್ಕಕ್ಕೆ ಕೂರುವುದಿಲ್ಲ. 97 ಅಂದರೆ ಬಿಂದಿಗೆ ಕಂಠದ ತನಕ ತುಂಬಿದೆ. ಇನ್ನೂ ಸುರಿದರೆ ಚೆಲ್ಲುತ್ತದೆ ಅಷ್ಟೇ. ನಾವು ಎಳೆಯುವ ಗಾಳಿಯಲ್ಲಿ ಆಕ್ಸಿಜನ್ ಶೇ. 21ರಷ್ಟು, ಹೊರಗೆ ಬಿಡುವಾಗಲೂ ಶೇ. 16ರಷ್ಟು ಹಾಗೇ ಉಳಿದಿರುತ್ತದೆ. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಜೀವ ಉಳಿಸಲು ಆಗುವುದೇ ಅದಕ್ಕೆ.

ಮೂಗಿನ ವಿಷಯ. ಮೂಗು ಗಾಳಿಯನ್ನು ಬೆಚ್ಚಗೆ ಮಾಡುತ್ತದೆ, ಒದ್ದೆ ಮಾಡುತ್ತದೆ, ಧೂಳು ತಡೆಯುತ್ತದೆ. ನಿಧಾನ ನಡಿಗೆಗೆ ಮೂಗೇ ಸಾಕು. ಆದರೆ ನಿಮಿಷಕ್ಕೆ 40 ಲೀಟರ್ ಆಸುಪಾಸು ದಾಟಿದ ಮೇಲೆ ದೇಹ ತಾನಾಗಿ ಬಾಯಿ ತೆರೆಯುತ್ತದೆ. ತಡೆಯಬೇಡಿ.

ರಕ್ತಪರೀಕ್ಷೆ · 4:02

ಮಂಜು ಅವರ ಇನ್ನೊಂದು ಪ್ರಶ್ನೆ ಹಾಗೇ ಉಳಿಯಿತು: ಕಾಲಿಗೆ ಸಾಕಾಗಿತ್ತಾ ಅಂತ. ಇಲ್ಲ, ಸಾಕಾಗಿರಲಿಲ್ಲ. ಶ್ವಾಸಕೋಶ ಪೂರ್ತಿ ತುಂಬಿ ಕಳಿಸುತ್ತಿದೆ, ಕಾಲು ಕೇಳಿದಷ್ಟು ಬೇಗ ಬರುತ್ತಿಲ್ಲ. ತಡ ಆಗುತ್ತಿರುವುದು ಸಾಗಾಟದಲ್ಲಿ, ಅಂದರೆ ಹೃದಯದಲ್ಲಿ.

ಗಾಳಿ ಹತ್ತು ಪಟ್ಟು ಏರಿತು ಅಂದರಲ್ಲ, ಹೃದಯ ಹಾಗೆ ಏರುವುದಿಲ್ಲ. ಕೂತಾಗ ನಿಮಿಷಕ್ಕೆ 5 ಲೀಟರ್ ರಕ್ತ ತಳ್ಳುತ್ತದೆ. ನಮ್ಮ ನಿಮ್ಮಂಥವರಲ್ಲಿ ಜೋರು ಅಂದರೆ 20. ನಾಲ್ಕೇ ಪಟ್ಟು. ಅದಕ್ಕೇ ದೇಹ ಒಂದು ಉಪಾಯ ಮಾಡುತ್ತದೆ. ಸುಮ್ನೆ ಇದ್ದಾಗ ಮಾಂಸಖಂಡಗಳಿಗೆ ಹೋಗುವುದು ರಕ್ತದ ಐದನೇ ಒಂದು ಪಾಲು. ಜೋರು ವ್ಯಾಯಾಮದಲ್ಲಿ ಐದರಲ್ಲಿ ನಾಲ್ಕು ಪಾಲು ಅಲ್ಲಿಗೇ ತಿರುಗುತ್ತದೆ. ಹೊಟ್ಟೆ, ಕರುಳು, ಮೂತ್ರಪಿಂಡಕ್ಕೆ ಕಡಿತ. ಎರಡು ಬೆಣ್ಣೆ ಮಸಾಲೆ ತಿಂದು ಬೆಟ್ಟ ಹತ್ತಿದರೆ ಹೊಟ್ಟೆ ತೊಳಸುವುದು ಇದಕ್ಕೇ.

ಜೊತೆಗೆ ಕಾಲು ಬಂದ ರಕ್ತದಿಂದ ಚೆನ್ನಾಗಿ ಹೀರಿಕೊಳ್ಳುತ್ತದೆ. ಕೂತಾಗ ದೇಹ ಸುತ್ತಿ ವಾಪಸ್ ಬರುವ ರಕ್ತದಲ್ಲಿ ಆಕ್ಸಿಜನ್ ಇನ್ನೂ ಶೇ. 75ರಷ್ಟು ಉಳಿದಿರುತ್ತದೆ. ಜೋರಾಗಿ ದುಡಿವಾಗ 20–30ಕ್ಕೆ ಇಳಿಯುತ್ತದೆ. ನಿಮ್ಮ ಬೆರಳಿನ ಮೆಷಿನ್ ನೋಡುವುದು ಹೋಗುವ ರಕ್ತವನ್ನು. ಬರುವುದನ್ನು ನೋಡಿದ್ದರೆ 97ರ ಗುಟ್ಟು ರಟ್ಟಾಗುತ್ತಿತ್ತು.

ಮೆಟ್ಟಿಲುಮಂಜ · 4:20

ಕೆಇಬಿ ಟ್ರಾನ್ಸ್‌ಫಾರ್ಮರಿನಲ್ಲಿ ಫುಲ್ ಕರೆಂಟ್, ನಮ್ಮ ಮನೆ ಬಲ್ಬು ಮಾತ್ರ ಮಿಣಮಿಣ. ಈಗ ಅರ್ಥ ಆಯಿತು.

ಕುಡ್ಲದಕಾಲು · 5:40

ನಮ್ಮ ಕಂಬಳದ ಓಟಗಾರರ ಉಸಿರಿನ ಬಗ್ಗೆ ಯಾರೂ ಬರೆಯಲಿಲ್ಲ ಮಾರಾಯ್ರೇ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಇಡೀ ದೇಶಕ್ಕೆ ಸುದ್ದಿ ಆಗಿತ್ತು. ಕೆಸರಲ್ಲಿ! ಅವರ ಶ್ವಾಸಕೋಶ ಎಂಥದ್ದು ಇರಬೇಕು?

ಬೆಂಗಳೂರುಹತ್ತುಕೆ · 5:52

ಅದನ್ನು ಬೋಲ್ಟ್ ಜೊತೆ ಹೋಲಿಸಬೇಡಿ ದಯವಿಟ್ಟು. ಮುಂದೆ ಎರಡು ಕೋಣ ಎಳೆಯುತ್ತಿರುತ್ತವೆ.

ಕುಡ್ಲದಕಾಲು · 5:55

ಬೋಲ್ಟ್ ಹೆಸರು ನಾನು ಎತ್ತಲೇ ಇಲ್ಲ. ನೀವೇ ಎತ್ತಿದ್ದು. ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ನವರು ಪರೀಕ್ಷೆಗೆ ಕರೆದಾಗ ಗೌಡರೇ ಬೇಡ ಅಂದರು, ಕಂಬಳ ಬೇರೆ, ಟ್ರ್ಯಾಕ್ ಬೇರೆ ಅಂತ. ಕೋಣದ ಹಗ್ಗ ಹಿಡಿದು ಆ ವೇಗಕ್ಕೆ ಕಾಲು ಹಾಕಿ ನೋಡಿ ನೀವು, ಆಮೇಲೆ ಮಾತಾಡುವ.

ಪಿಟಿಮೇಷ್ಟ್ರು · 6:10

ಇಬ್ಬರೂ ನಿಲ್ಲಿಸಿ. ಹದಿಮೂರು ಸೆಕೆಂಡಿನ ಓಟಕ್ಕೆ ಶ್ವಾಸಕೋಶದ ಕೆಲಸ ಕಡಿಮೆ. ಮಾಂಸಖಂಡದಲ್ಲಿ ಮೊದಲೇ ಕೂಡಿಟ್ಟ ಶಕ್ತಿಯಲ್ಲೇ ಮುಗಿದುಹೋಗುತ್ತದೆ. 100 ಮೀಟರ್ ಓಡಿದ ನನ್ನ ಮಕ್ಕಳು ಓಡುವಾಗ ಏದುಸಿರು ಬಿಡುತ್ತಿರಲಿಲ್ಲ, ಗೆರೆ ದಾಟಿ ಬಗ್ಗಿ ನಿಂತ ಮೇಲೆ ಬಿಡುತ್ತಿದ್ದರು. ಸಾಲ ಮಾಡಿ ಮದುವೆ ಮಾಡಿದ ಹಾಗೆ. ಊಟದ ದಿನ ಏನೂ ಗೊತ್ತಾಗುವುದಿಲ್ಲ, ಕಂತು ಆಮೇಲೆ. ಎ.ವಿ. ಹಿಲ್ ಅನ್ನುವ ವಿಜ್ಞಾನಿ ಇದಕ್ಕೆ 'ಆಕ್ಸಿಜನ್ ಸಾಲ' ಅಂತಲೇ ಹೆಸರಿಟ್ಟಿದ್ದ. ಟೀಚರಮ್ಮ, ಇದಾದರೂ ಸರಿಯಾ?

ಬಯಾಲಜಿಟೀಚರ್ · 6:18

ಸರಿ ಮೇಷ್ಟ್ರೇ! ಸಾಲ ಅನ್ನುವ ಹೆಸರು ಈಗ ಅಷ್ಟು ಬಳಸುವುದಿಲ್ಲ, ಯಾಕೆಂದರೆ ಓಡಿದ ಮೇಲಿನ ಏದುಸಿರು ಬರೀ ಸಾಲ ತೀರಿಸುವುದಕ್ಕಲ್ಲ, ಮೈ ಬಿಸಿಯಾಗಿದ್ದಕ್ಕೂ ಇರುತ್ತದೆ. ಆದರೆ ಹೋಲಿಕೆ ಮಾತ್ರ ನಾಳೆ ಕ್ಲಾಸಿನಲ್ಲಿ ಬಳಸುತ್ತೇನೆ, ನಿಮ್ಮ ಹೆಸರು ಹೇಳಿ.

ಪಿಟಿಮೇಷ್ಟ್ರು · 6:20

🙏

ಟೊರಾಂಟೊತಿಮ್ಮ · ರಾತ್ರಿ 9:14

ಇಲ್ಲಿ ಚಳಿಗಾಲದಲ್ಲಿ ಓಡಿದರೆ ನನಗೆ ಓಡುವಾಗ ಏನೂ ಆಗುವುದಿಲ್ಲ. ನಿಲ್ಲಿಸಿ ಐದು ಹತ್ತು ನಿಮಿಷಕ್ಕೆ ಒಣ ಕೆಮ್ಮು, ಎದೆಯಲ್ಲಿ ಸುಯ್ ಸುಯ್ ಸದ್ದು. ಹಾಸನದಲ್ಲಿದ್ದಾಗ ಹೀಗೆ ಇರಲಿಲ್ಲ. ಇಷ್ಟು ದಿನ 'ಚಳಿ ತಾಗಿದೆ' ಅಂತ ಕಷಾಯ ಕುಡಿಯುತ್ತಿದ್ದೆ.

ಡಾಕ್ಟ್ರಕ್ಕ · 9:50

ತಿಮ್ಮಣ್ಣ, ಕಷಾಯ ಕುಡಿಯಿರಿ, ಆದರೆ ಡಾಕ್ಟರಿಗೂ ತೋರಿಸಿ. ವ್ಯಾಯಾಮದಿಂದ ಬರುವ ಉಬ್ಬಸ ಸರಿಯಾಗಿ ಹೀಗೇ ಇರುತ್ತದೆ. ಚಳಿಯ ಒಣ ಗಾಳಿಯನ್ನು ಬಾಯಿಂದ ರಭಸವಾಗಿ ಎಳೆದಾಗ ಶ್ವಾಸನಾಳ ಒಣಗಿ ಬಿಗಿದುಕೊಳ್ಳುತ್ತದೆ. ಊದುವ ಪರೀಕ್ಷೆ ಮಾಡಿ ನೋಡಿ, ಬೇಕಿದ್ದರೆ ಓಡುವ ಕಾಲು ಗಂಟೆ ಮುಂಚೆ ಇನ್ಹೇಲರ್ ತೆಗೆದುಕೊಳ್ಳಲು ಹೇಳುತ್ತಾರೆ. ಮೂಗು ಬಾಯಿಗೆ ಮಫ್ಲರ್ ಸುತ್ತಿಕೊಂಡು ಓಡಿದರೂ ಎಷ್ಟೋ ಕಡಿಮೆಯಾಗುತ್ತದೆ.

ಬಂದಿದ್ದೇನೆ ಅಂತ ಒಂದು ಮಾತು ಎಲ್ಲರಿಗೂ. ಹತ್ತುವಾಗ ಏದುಸಿರು, ನಿಂತು ಕೆಲವು ನಿಮಿಷಕ್ಕೆ ಇಳಿಯಿತು ಅಂದರೆ ಅದು ಸಹಜ. ಆದರೆ ಎದೆ ಹಿಂಡಿದ ಹಾಗೆ ಆಗುವುದು, ಎಡಗೈಗೋ ದವಡೆಗೋ ನೋವು ಹರಿಯುವುದು, ಕಣ್ಣು ಕತ್ತಲೆ ಬರುವುದು, ಹೋದ ತಿಂಗಳು ಸಲೀಸಾಗಿದ್ದ ಕೆಲಸಕ್ಕೇ ಈ ತಿಂಗಳು ಏದುಸಿರು ಬರುವುದು, ರಾತ್ರಿ ಮಲಗಿದಾಗ ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಚರ್ಚೆ ಬಿಟ್ಟು ಆಸ್ಪತ್ರೆಗೆ ಹೋಗಿ.

ಸುಬ್ಬಮ್ಮನಸೊಸೆ · 10:35

ಡಾಕ್ಟ್ರಕ್ಕ ಹೇಳಿದ 'ಹೋದ ತಿಂಗಳು ಸಲೀಸು, ಈ ತಿಂಗಳು ಏದುಸಿರು' ಅನ್ನುವುದು ನನ್ನದೇ ಕಥೆ. ಎರಡನೇ ಮಹಡಿಯ ಮನೆ. ನೀರಿನ ಕ್ಯಾನ್ ಬೇಡ, ಕೈಬೀಸಿ ಹತ್ತಿದರೂ ಅರ್ಧದಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದೆ. ವಯಸ್ಸು 38. ಮನೆಯವರು "ನಡೆಯೋದು ಕಡಿಮೆ, ವಾಕಿಂಗ್ ಮಾಡು" ಅಂದರು. ಮಾಡಿದೆ. ಇನ್ನೂ ಸುಸ್ತು. ಅತ್ತೆಯೇ ಒಂದು ದಿನ ನನ್ನ ಕೈ ಹಿಡಿದು ಉಗುರು ನೋಡಿ, "ಇದೇನೇ, ಸುಣ್ಣ ಬಳಿದ ಹಾಗಿದೆ, ನಡಿ ಡಾಕ್ಟರ ಹತ್ತಿರ" ಅಂತ ಕರೆದುಕೊಂಡು ಹೋದರು. ಹಿಮೋಗ್ಲೋಬಿನ್ 7.8. ತಿಂಗಳ ಮುಟ್ಟು ಜಾಸ್ತಿ ಹೋಗುತ್ತಿದ್ದದ್ದನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ.

ಆಗ ನನ್ನ ಬೆರಳಿಗೂ ಆ ಮೆಷಿನ್ ಹಾಕಿದ್ದರು. 98 ತೋರಿಸಿತು. ಎಲ್ಲ ಸರಿ ಇದೆ ಅಂದುಕೊಂಡಿದ್ದೆ.

ರಕ್ತಪರೀಕ್ಷೆ · 10:52

ಅಕ್ಕಾ, ಇದನ್ನು ಎಲ್ಲರೂ ಓದಬೇಕು. ರಕ್ತದಲ್ಲಿ ಆಕ್ಸಿಜನ್ ಹೊರುವುದು ಹಿಮೋಗ್ಲೋಬಿನ್. ಆ ಮೆಷಿನ್ ಹೇಳುವುದು ಇರುವ ಹಿಮೋಗ್ಲೋಬಿನಿನಲ್ಲಿ ಎಷ್ಟು ಪಾಲು ತುಂಬಿದೆ ಅಂತ ಮಾತ್ರ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ಹೇಳುವುದಿಲ್ಲ. ಹತ್ತು ಬಸ್ಸು ಓಡಬೇಕಾದ ರೂಟಿನಲ್ಲಿ ಆರೇ ಬಸ್ಸು, ಆದರೆ ಆರೂ ಫುಲ್. ಮೆಷಿನ್ 98 ಅನ್ನುತ್ತದೆ, ಸ್ಟಾಪಿನಲ್ಲಿ ಜನ ಕಾಯುತ್ತಲೇ ಇರುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. 'ವಾಕಿಂಗ್ ಮಾಡು' ಅನ್ನುವ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸಿ.

ಸುಬ್ಬಮ್ಮನಸೊಸೆ · 10:58

ಐದು ತಿಂಗಳು ಕಬ್ಬಿಣದ ಮಾತ್ರೆ ತಿಂದೆ. ಈಗ ಅದೇ ಮಹಡಿಯನ್ನು ಅತ್ತೆಗಿಂತ ಮುಂಚೆ ಹತ್ತುತ್ತೇನೆ. ಅವರಿಗೆ 66.

ಕೊಡಗಿನಫೌಜಿ · ಸೋಮವಾರ ಬೆಳಿಗ್ಗೆ 5:45

ಮಂಜು ಅವರೇ, 97 ಇದ್ದು ಏದುಸಿರು ಬಿಡುವುದು ಭಾಗ್ಯ. ನಾನು ಲೇಹ್‌ನಲ್ಲಿ ಇದ್ದವನು, 3,500 ಮೀಟರ್ ಎತ್ತರ. ಅಲ್ಲಿನ ಗಾಳಿಯಲ್ಲೂ ಆಕ್ಸಿಜನ್ ಶೇ. 21ರಷ್ಟೇ, ಆದರೆ ಗಾಳಿಯ ಒತ್ತಡವೇ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು. ವಿಮಾನ ಇಳಿದ ದಿನ ಬೂಟಿನ ಲೇಸ್ ಕಟ್ಟಲು ಬಗ್ಗಿದರೂ ಏದುಸಿರು. ಬೆರಳಿಗೆ ಹಾಕಿದರೆ 88, 90. ಮೊದಲ ದಿನಗಳಲ್ಲಿ ಸುಮ್ನೆ ಬಿದ್ದಿರಬೇಕು ಅಂತಲೇ ಆರ್ಡರ್. ನಮ್ಮ ಊರಿನ ಹುಡುಗನೊಬ್ಬ ಅಲ್ಲಿಗೆ ಟೂರ್ ಹೋಗಿ ಮೊದಲ ದಿನವೇ ಪುಷ್‌ಅಪ್ ಮಾಡಿ ವೀಡಿಯೊ ಹಾಕಿದ. ಎರಡನೇ ದಿನ ತಲೆನೋವು, ವಾಂತಿ, ಹಾಸಿಗೆ. ಅಲ್ಲಿ ಗಂಡಸುತನ ತೋರಿಸಲು ಹೋಗಬಾರದು.

ಗಡಿಯಾರಗಿರೀಶ · 7:20

ಬಡಿತ 171 ಬಗ್ಗೆ ಯಾರೂ ಹೇಳಲಿಲ್ಲ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ. 220 − 43 = 177. ಅಂದರೆ ಮಂಜಣ್ಣ ಸುಮಾರು ಶೇ. 97ರಲ್ಲಿ ಓಡಿಸಿದ್ದಾರೆ ಗಾಡಿಯನ್ನು! ಅಪಾಯ.

ನಿವೃತ್ತಬ್ಯಾಂಕಣ್ಣ · 7:45

ಆ ಸೂತ್ರ ನನಗೆ ಹಿಡಿಸುವುದಿಲ್ಲ. ವಯಸ್ಸು 61, ಬಿಪಿ ಮಾತ್ರೆ ತಿನ್ನುತ್ತೇನೆ, ಬಡಿತ ಇಳಿಸುವ ಜಾತಿಯದ್ದು. ಏನೇ ಕುಣಿದರೂ ನನ್ನ ಬಡಿತ 115 ದಾಟುವುದಿಲ್ಲ. ನನ್ನ ವಾಚು "ನೀವು ವ್ಯಾಯಾಮ ಮಾಡುತ್ತಿಲ್ಲ" ಅಂತ ಬೈಯುತ್ತದೆ. ಇಲ್ಲಿ ಬೆವರು ಸುರಿಯುತ್ತಿರುತ್ತದೆ.

ಡಾಕ್ಟ್ರಕ್ಕ · 8:05

ಗಿರೀಶ್, 220 ಕಳೆಯುವುದು ಅಂದಾಜಿನ ಲೆಕ್ಕ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಆಚೆ ಈಚೆ ಇರುತ್ತದೆ. 2001ರಲ್ಲಿ ಬಂದ ಇನ್ನೊಂದು ಸೂತ್ರ 208ರಲ್ಲಿ ವಯಸ್ಸಿನ ಶೇ. 70 ಕಳೆಯಿರಿ ಅನ್ನುತ್ತದೆ. ಮಂಜು ಅವರಿಗೆ ಅದೂ 178ರ ಹತ್ತಿರವೇ ಬರುತ್ತದೆ. ಬ್ಯಾಂಕಣ್ಣನಂತೆ ಮಾತ್ರೆ ತಿನ್ನುವವರಿಗೆ ಎರಡೂ ಬೇಡ, ಮೇಷ್ಟ್ರ ಮಾತಾಡುವ ಪರೀಕ್ಷೆಯೇ ವಾಸಿ. ಆದರೆ ಗಿರೀಶ್ ಹೇಳಿದ್ದರಲ್ಲಿ ಸತ್ಯ ಇದೆ. ಐದು ವರ್ಷ ಕುರ್ಚಿಯಲ್ಲಿದ್ದು ಒಮ್ಮೆಲೇ 171ಕ್ಕೆ ಏರಿಸಬಾರದಿತ್ತು.

ಮೊದಲ ನೂರು ಮೆಟ್ಟಿಲನ್ನು ಬೇಕೆಂದೇ ನಿಧಾನ ಹತ್ತಿ. ದೇಹ ಹೊಸ ಲಯಕ್ಕೆ ಬರಲು ಎರಡು ಮೂರು ನಿಮಿಷ ಬೇಕು. ನಿಲ್ಲುವಾಗಲೂ ಧಡಕ್ಕನೆ ನಿಲ್ಲಬೇಡಿ. ಕಾಲಿನ ಖಂಡಗಳು ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ಒಮ್ಮೆಲೇ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ.

ಗರಡಿಮೊಮ್ಮಗ · 8:40

ನಮ್ಮ ತಾತ ಮೈಸೂರಿನ ಗರಡಿಯಲ್ಲಿ ಸಾಮು ಮಾಡಿದವರು. ಕಲ್ಲುಗುಂಡು ಎತ್ತುವಾಗ 'ಹುಂ' ಅಂತ ಉಸಿರು ಬಿಡುತ್ತಾ ಎತ್ತು, ಕಟ್ಟಿ ಹಿಡಿಯಬೇಡ ಅಂತ ಬೆನ್ನಿಗೆ ಗುದ್ದುತ್ತಿದ್ದರು. ಈಗಿನ ಜಿಮ್ ಹುಡುಗರು ಉಸಿರು ಕಟ್ಟಿ ಮುಖ ಕೆಂಪಗೆ ಮಾಡಿಕೊಂಡು ಎತ್ತುತ್ತಾರೆ.

ಡಾಕ್ಟ್ರಕ್ಕ · 8:47

ತಾತ ಸರಿ. ಉಸಿರು ಕಟ್ಟಿ ಭಾರ ಎತ್ತಿದರೆ ಆ ಕ್ಷಣಕ್ಕೆ ಬಿಪಿ ಸಿಕ್ಕಾಪಟ್ಟೆ ಏರುತ್ತದೆ. ಪಳಗಿದವರು ತುಂಬಾ ಭಾರಕ್ಕೆ ಬೇಕೆಂದೇ ಕಟ್ಟುತ್ತಾರೆ, ಅದು ಬೇರೆ. ಬಿಪಿ ಇರುವವರು ಮಾಡಲೇಬಾರದು.

ಹೊಟ್ಟೆಹೊನ್ನಪ್ಪ · 9:30

ಇಷ್ಟೆಲ್ಲ ಉಸಿರು ಬಿಟ್ಟರೆ ಹೊಟ್ಟೆ ಕರಗುತ್ತಾ ಇಲ್ವಾ ಅದನ್ನು ಹೇಳಿ ಮೊದಲು.

ರಕ್ತಪರೀಕ್ಷೆ · 9:41

ತಮಾಷೆಗೆ ಕೇಳಿದಿರಿ, ಉತ್ತರ ತಮಾಷೆಯದ್ದಲ್ಲ. ಕೊಬ್ಬು ಹೊರಗೆ ಹೋಗುವ ದಾರಿ ಮುಖ್ಯವಾಗಿ ಮೂಗು ಬಾಯಿಯೇ. 10 ಕಿಲೋ ಕೊಬ್ಬು ಪೂರ್ತಿ ಉರಿದರೆ 8.4 ಕಿಲೋ ಕಾರ್ಬನ್ ಡೈಆಕ್ಸೈಡಾಗಿ ಉಸಿರಲ್ಲಿ ಹೋಗುತ್ತದೆ, ಉಳಿದ 1.6 ಕಿಲೋ ನೀರು.

ಹೊಟ್ಟೆಹೊನ್ನಪ್ಪ · 9:43

ಹಾಗಾದರೆ ಸೋಫಾದಲ್ಲಿ ಕೂತು ಬುಸುಬುಸು ಉಸಿರು ಬಿಟ್ಟರೆ ಸಾಕಲ್ಲ!

ಬಯಾಲಜಿಟೀಚರ್ · 9:50

ಉರಿಯದ ಒಲೆಗೆ ಎಷ್ಟು ಊದಿದರೆ ಏನು ಹೊನ್ನಪ್ಪನವರೇ. ತಲೆ ಸುತ್ತುತ್ತದೆ ಅಷ್ಟೇ. ಉರಿಸಬೇಕಾದದ್ದು ಕಾಲು.

ಮೆಟ್ಟಿಲುಮಂಜ · ಮಂಗಳವಾರ ರಾತ್ರಿ 9:05

ಟೀಚರ್, ಇವತ್ತು ಕುರ್ಚಿಯಿಂದ ಏಳುವಾಗ ನಿಮ್ಮ ನೆನಪು ಆರು ಸಲ ಬಂತು. ತೊಡೆ ಮುಟ್ಟಲು ಆಗುತ್ತಿಲ್ಲ. ಕಚೇರಿ ಮೆಟ್ಟಿಲು ಹತ್ತಲು ಪರವಾಗಿಲ್ಲ, ಇಳಿಯುವಾಗ ಕಂಬಿ ಹಿಡಿದು ಪಕ್ಕಕ್ಕೆ ಏಡಿಯ ಹಾಗೆ ಇಳಿದೆ.

ಸಂಜೆ ಮಗಳು ಒಂದು ಪ್ರಯೋಗ ಮಾಡಿದಳು. ಮೆಷಿನ್ ಹಾಕಿ ಕೂತಲ್ಲೇ ಉಸಿರು ಕಟ್ಟಿ ಹಿಡಿಯಲು ಹೇಳಿದಳು. 40 ಸೆಕೆಂಡಿಗೆ ನನ್ನ ಹೊಟ್ಟೆ ಕುಣಿಯಲು ಶುರುವಾಯಿತು, ತಡೆಯಲಾರದೆ ಬಿಟ್ಟೆ. ಆಗಲೂ 96! ಆಕ್ಸಿಜನ್ ಇದ್ದಾಗಲೇ ಜೀವ ಒದ್ದಾಡಿತು. ಕಾರ್ಬನ್ ಡೈಆಕ್ಸೈಡ್ ಅಂದರೆ ಏನು ಅಂತ ಈಗ ಮೈಗೇ ಗೊತ್ತಾಯಿತು. ಮೊದಲು ಹತ್ತು ಸಲ ಜೋರಾಗಿ ಉಸಿರಾಡಿ ಆಮೇಲೆ ಕಟ್ಟಿದರೆ ಇನ್ನೂ ಜಾಸ್ತಿ ಹೊತ್ತು ಹಿಡಿಯಬಹುದು ಅಂತ ಅವಳ ಮುಂದಿನ ಪ್ಲಾನ್. ಈಜುಕೊಳದಲ್ಲಿ ಗೆಳತಿಯರ ಜೊತೆ ಪಂದ್ಯ ಕಟ್ಟುತ್ತಾಳಂತೆ.

ಡಾಕ್ಟ್ರಕ್ಕ · 9:09

ಮಂಜು ಅವರೇ, ಬೇಡ! ನೀರಿನಲ್ಲಿ ಮಾತ್ರ ಖಂಡಿತ ಬೇಡ. ಮಗಳಿಗೆ ಈಗಲೇ ಹೇಳಿ. ಜೋರಾಗಿ ಉಸಿರಾಡಿದರೆ ಆಕ್ಸಿಜನ್ ಜಾಸ್ತಿ ತುಂಬುವುದಿಲ್ಲ, ಬಿಂದಿಗೆ ಮೊದಲೇ ತುಂಬಿದೆ. ಹೋಗುವುದು ಕಾರ್ಬನ್ ಡೈಆಕ್ಸೈಡ್. ಅಂದರೆ ಎಚ್ಚರಿಸುವ ಗಂಟೆಯನ್ನೇ ಬಿಚ್ಚಿಟ್ಟ ಹಾಗೆ. ಉಸಿರು ಬೇಕು ಅನ್ನಿಸುವ ಮೊದಲೇ ಆಕ್ಸಿಜನ್ ಇಳಿದು ನೀರೊಳಗೆ ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬರುವವರೇ ಹೀಗೆ ಹೋಗಿದ್ದಾರೆ.

ಮೆಟ್ಟಿಲುಮಂಜ · 9:21

ಹೇಳಿದೆ. ಓದಿಸಿದೆ ಕೂಡ. ಪಂದ್ಯ ರದ್ದು. ಥ್ಯಾಂಕ್ಸ್ ಡಾಕ್ಟ್ರಕ್ಕ, ಸುಮ್ನೆ ಬರೆದದ್ದು ಒಳ್ಳೆಯದೇ ಆಯಿತು.

ಬೆಂಗಳೂರುಹತ್ತುಕೆ · 9:40

ಅಭ್ಯಾಸ ಮಾಡಿದರೆ ಶ್ವಾಸಕೋಶ ದೊಡ್ಡದಾಗುತ್ತದಾ? ನನಗೆ ಒಂದೇ ವರ್ಷದಲ್ಲಿ 10 ಕಿ.ಮೀ. ಓಟ 78 ನಿಮಿಷದಿಂದ 61ಕ್ಕೆ ಇಳಿಯಿತು.

ರಕ್ತಪರೀಕ್ಷೆ · 9:58

ದೊಡ್ಡವರಲ್ಲಿ ಶ್ವಾಸಕೋಶ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬದಲಾಗಿರುವುದು ಬೇರೆ. ಮೊದಲ ಒಂದೆರಡು ವಾರದಲ್ಲೇ ರಕ್ತದ ನೀರಿನಂಶ ಜಾಸ್ತಿಯಾಗುತ್ತದೆ. ಆಮೇಲೆ ಹೃದಯ ಒಂದೊಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳಲು ಕಲಿಯುತ್ತದೆ. ಅದಕ್ಕೇ ಓಟಗಾರರ ಬಡಿತ ಕೂತಾಗ 50, ಕೆಲವರದು 40 ಇರುತ್ತದೆ. ಮಾಂಸಖಂಡದಲ್ಲಿ ಸಣ್ಣ ರಕ್ತನಾಳಗಳೂ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳೂ ಜಾಸ್ತಿಯಾಗುತ್ತವೆ. ಅದೇ ವೇಗಕ್ಕೆ ಆಮ್ಲ ಕಡಿಮೆ, ಏದುಸಿರೂ ಕಡಿಮೆ. ವಿಚಿತ್ರ ಏನೆಂದರೆ, ಹೃದಯ ಬಲಿತ ಕೆಲವು ದೊಡ್ಡ ಓಟಗಾರರಲ್ಲಿ ಮಾತ್ರ ಜೋರು ಓಟದಲ್ಲಿ ಆ 97 ನಿಜವಾಗಿ ಕೆಳಗಿಳಿಯುತ್ತದೆ. ರಕ್ತ ಶ್ವಾಸಕೋಶದಲ್ಲಿ ಅಷ್ಟು ರಭಸದಿಂದ ನುಗ್ಗುವುದರಿಂದ ತುಂಬಿಕೊಳ್ಳಲು ಸಮಯ ಸಾಲುವುದಿಲ್ಲ. ಮಂಜು ಅವರಿಗೆ ಆ ಚಿಂತೆ ಸದ್ಯಕ್ಕಿಲ್ಲ.

ಮೆಟ್ಟಿಲುಮಂಜ · ಮುಂದಿನ ಭಾನುವಾರ ಬೆಳಿಗ್ಗೆ 9:30

ವರದಿ ಒಪ್ಪಿಸುತ್ತಿದ್ದೇನೆ. ಮೊದಲ ನೂರು ಮೆಟ್ಟಿಲು ಮದುವೆ ಮೆರವಣಿಗೆ ಹೋದ ಹಾಗೆ ಹತ್ತಿದೆ. ನಂದಿಯ ತನಕ ಮಗಳ ಜೊತೆ ಮಾತಾಡುತ್ತಲೇ ಹೋದೆ, ಒಂದು ಕಡೆ ಮಾತ್ರ ನಿಂತೆ. ಬಡಿತ 148. ಆಕ್ಸಿಜನ್ ಮತ್ತೆ 97. ಇಳಿಯುವಾಗ ಮರ್ಯಾದೆ ಬಿಟ್ಟು ಬಸ್ ಹತ್ತಿದೆ.

ಮಗಳು ಇಡೀ ದಾರಿ ಮೆಟ್ಟಿಲು ಎಣಿಸಿದ್ದಾಳೆ. ಅವಳ ಲೆಕ್ಕ 1008ಕ್ಕೂ ಸರಿಹೊಂದುವುದಿಲ್ಲ, ದಿನಾಬೆಟ್ಟ ಅವರ ಲೆಕ್ಕಕ್ಕೂ ಹೊಂದುವುದಿಲ್ಲ.

ದಿನಾಬೆಟ್ಟ · 9:33

ನಿಮ್ಮ ಜೊತೆ ಮಾತಾಡುತ್ತಾ ಎಣಿಸಿದರೆ ತಪ್ಪದೇ ಇರುತ್ತದಾ?

ಒಂಟಿಕೊಪ್ಪಲುಹುಡುಗ · 9:34

ಪುಟ್ಟಿ, ಚಪ್ಪಡಿ ಬಿಟ್ಟು ಎಣಿಸಿದೆಯಾ, ಸೇರಿಸಿ ಎಣಿಸಿದೆಯಾ?